ಗುಲಾಬಬಿಯ ಸೀರಣಿಗೆ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಕೈಮಗ್ಗಗಳು ಒಂದಿಷ್ಟು ಹೊತ್ತು ಸುಮ್ಮನಾಗುತ್ತವೆ. ಆಚೆ ಓಣಿಯ ಪವರ್‌ಲೂಮಿನ ಗದ್ದಲ ಮಾತ್ರ ಗೋಡೆ ದಾಟಿ ಬರುತ್ತಿರುತ್ತದೆ. ಆ ಹೊತ್ತಿಗೆ ಗುಲಾಬಬಿಯ ಕಟ್ಟೆಗೆ ತಲೆಗಳು ಬರುತ್ತವೆ. ಹೌದು, ತಲೆಗಳೇ. ಆಕೆ ಹೇಳುವುದೇ ಹಾಗೆ. "ಇವತ್ತ ಎಂಥಾ ತಲಿ ಬಂದಿತ್ತಂತೀ! ನೋಡಿದ್ರ ರೇಷ್ಮಿ, ಒಳಗ ಸಂತಿ," ಎಂದು ಸಂಜೆ ಗಂಡನಿಗೆ ವರದಿ ಒಪ್ಪಿಸುತ್ತಾಳೆ.

ಗುಲಾಬಬಿಗೆ ಅರವತ್ತು ದಾಟಿದೆ. ಹುನಗುಂದದಿಂದ ಸೊಸೆಯಾಗಿ ಬಂದವಳು. ಮೊದಲಿನಿಂದಲೂ ನೂಲು ಸುತ್ತುವುದು ಆಕೆಯ ಕೆಲಸ. ಪಕ್ಕದ ಮನೆಯ ಚಂದ್ರಶೇಖರಪ್ಪನ ಮಗ್ಗಕ್ಕೆ ಬೇಕಾದ, ನೂಲು ಸುತ್ತಿದ ಕಂಡಿಕೆಗಳೆಲ್ಲ ಈಕೆಯ ರಾಟೆಯ ಮೇಲೆಯೇ ತಯಾರಾಗುತ್ತವೆ. ಕೂದಲಿಗಿಂತ ತೆಳುವಾದ ಎಳೆ ಹರಿದರೆ ತುದಿ ಹುಡುಕಿ ಹಿಡಿಯಬೇಕಾದ ಕಣ್ಣು, ಬಿಡುವಿನಲ್ಲಿ ತಲೆ ನೋಡುವುದಕ್ಕೆ ತಿರುಗಿದ್ದು ಸಹಜ. ಆದರೆ ಕಣ್ಣಿಗಿಂತ ದೊಡ್ಡದು ಆಕೆಯ ಕುತೂಹಲ. ಬೇರೆಯವರು ಹೇನು ಕಂಡರೆ ಕುಕ್ಕಿ ಮುಗಿಸುತ್ತಾರೆ. ಈಕೆ ಅದನ್ನು ಉಗುರಿನ ಮೇಲೆ ಏರಿಸಿಕೊಂಡು, ಬಿಸಿಲಿಗೆ ಹಿಡಿದು, "ನೋಡ ನೋಡ, ಹೊಟ್ಟಿ ತುಂಬ ಉಂಡೈತಿ," ಎಂದು ತಲೆಯ ಒಡತಿಗೆ ತೋರಿಸಿದ ಮೇಲೆಯೇ ಕುಕ್ಕುವುದು.

ಆಕೆ ಹೇನು ಬಾಚುವ ಸೀರಣಿಗೆಯ ಕಥೆಯನ್ನೂ ಹೇಳಿಬಿಡಬೇಕು. ಗಂಡ ನಜೀರಸಾಬ ಮಗ್ಗದ ಹಣಿಗೆ ಕಟ್ಟುವವನು. ಹಣಿಗೆ ಎಂದರೆ ಹಾಸಿನ ಎಳೆಗಳನ್ನು ಒಂದಕ್ಕೊಂದು ತಾಗದಂತೆ ಹಿಡಿದಿಟ್ಟು, ಹೊಕ್ಕಿನ ಎಳೆಯನ್ನು ಬಡಿದು ಕೂಡಿಸುವ, ಮಗ್ಗದಗಲದ ಬಾಚಣಿಗೆಯಂಥ ಸಾಮಾನು. ಅವನ ಅಪ್ಪನ ಕಾಲದಲ್ಲಿ ಹಣಿಗೆಗೆ ಬಿದಿರಿನ ಹಲ್ಲು. ಹಳತಾದ ಹಣಿಗೆಯನ್ನು ಅತ್ತೆ ಎಸೆಯಗೊಡಲಿಲ್ಲ. ಗೇಣಿಗಿಂತ ಚಿಕ್ಕದಾಗಿ ಕತ್ತರಿಸಿ, ಒಂದು ಬದಿಯ ಪಟ್ಟಿ ಬಿಡಿಸಿ, ಸೀರಣಿಗೆ ಮಾಡಿ ಸೊಸೆಯ ಕೈಗಿಟ್ಟಿದ್ದಳು. ಹಲ್ಲುಗಳು ಎಷ್ಟು ಒತ್ತಾಗಿದ್ದವೆಂದರೆ ಮರಿ ಹೇನು ಕೂಡ ತಪ್ಪಿಸಿಕೊಳ್ಳುತ್ತಿರಲಿಲ್ಲ. ಎಣ್ಣೆ ಕುಡಿದು ಕುಡಿದು ಅದು ಈಗ ಖರ್ಜೂರದ ಬಣ್ಣಕ್ಕೆ ಬಂದಿದೆ. ಆಮೇಲೆ ಊರಿಗೆ ಉಕ್ಕಿನ ಹಲ್ಲಿನ ಹಣಿಗೆಗಳು ಬಂದವು. ನಜೀರಸಾಬ ಹಳೆಯ ಉಕ್ಕಿನ ಹಣಿಗೆಗಳನ್ನೂ ಅದೇ ಅಳತೆಗೆ ಕತ್ತರಿಸಿ ಸೀರಣಿಗೆ ಮಾಡತೊಡಗಿದ. ಬಾಣಂತಿಗೆ, ಮದುಮಗಳಿಗೆ, ಬೀಗರಿಗೆ, ಕೇಳಿದವರಿಗೆಲ್ಲ ಗುಲಾಬಬಿ ಅದನ್ನು ಹಂಚಿದಳು. ಓಣಿಯಲ್ಲಿ ಆ ಸೀರಣಿಗೆ ಇಲ್ಲದ ಮನೆಯಿಲ್ಲ. ಆಕೆಗೆ ಜಂಬವಿದ್ದದ್ದು ಅದೊಂದೇ ವಿಷಯಕ್ಕೆ.

ಕಟ್ಟೆಗೆ ಬರುವ ತಲೆಗಳೆಲ್ಲ ಹೇನಿನ ತಲೆಗಳಲ್ಲ. ಹಿಂದೊಮ್ಮೆ ಚಂದ್ರಶೇಖರಪ್ಪನೇ ಬಂದಿದ್ದ. ಅಳಿಯನ ಕಡೆಯ ಮದುವೆಗೆಂದು ಮೀಸೆ, ತಲೆ ಎಲ್ಲ ಕರಿ ಮಾಡಿಸಿಕೊಂಡು ಬಂದ ಮರುದಿನ, ಎರಡೂ ಕೈಯಿಂದ ಕೆರೆಯುತ್ತ.

"ಗುಲಾಬಕ್ಕ, ಬಸ್ಸಿನ್ಯಾಗ ಯಾವನೋ ಹೇನ ಹತ್ತಿಸ್ಯಾನ ನೋಡವಾ."

ಆಕೆ ಹಣೆಯ ಅಂಚು ನೋಡಿದಳು, ಕಿವಿಯ ಹಿಂದೆ ನೋಡಿದಳು. ಬಣ್ಣ ತಾಗಿದಲ್ಲೆಲ್ಲ ಕೆಂಪಗೆ ಉಬ್ಬಿ ನೀರಾಡುತ್ತಿತ್ತು.

"ಹೇನಿಗೆ ಮೀಸಿ ಯಾಕ ಬೇಕೋ ಯಪ್ಪಾ? ಮೀಸಿನೂ ಕೆರಕೊಳ್ಳಾಕತ್ತೀಯಲ್ಲ! ಇದು ಬಣ್ಣದ ಕೆರತ. ತೊಳಕೋ ಹೋಗು, ತಡೀಲಿಲ್ಲಂದ್ರ ಡಾಕ್ಟರಗ ತೋರಸು."

ಪವರ್‌ಲೂಮಿನ ಅಫ್ಜಲ ಬಂದಾಗ ಆಕೆ ಸೀರಣಿಗೆಯನ್ನು ಮುಟ್ಟಲೇ ಇಲ್ಲ. ಅವನ ತಲೆಯಲ್ಲಿ ರೂಪಾಯಿಯಗಲ ಗುಂಡಗಿನ ಬೋಳು, ಅದರೊಳಗೆ ಮುರಿದು ಮೋಟಾದ ಕೂದಲು. "ಹೇನ ಕೂದಲಾ ಮುರಿಯೂದಿಲ್ಲಪಾ. ಇದು ಹುಳಕಡ್ಡಿ ಇದ್ದಂಗ ಐತಿ. ದವಾಖಾನಿಗೆ ನಡಿ, ನಿನ್ನ ಟಾವೆಲ್ ಯಾರಿಗೂ ಕೊಡಬ್ಯಾಡ," ಎಂದು ದೂರದಿಂದಲೇ ಕಳಿಸಿದಳು.

"ನಿನಗ ಹೆಂಗ ತಿಳೀತೈತಿ?" ಎಂದು ಯಾರಾದರೂ ಕೇಳಿದರೆ ಆಕೆಯ ಲೆಕ್ಕ ಸರಳ. "ಹೇನಾದ್ರ ಓಡಬೇಕು. ಸೀರಾದ್ರ ಕೂದಲಾ ಹಿಡಕೊಂಡ ಕುಂದ್ರಬೇಕು, ಜಗ್ಗಿದ್ರೂ ಜಾರಬಾರದು. ಓಡಲಿಲ್ಲ, ಹಿಡಕೊಳ್ಳಲಿಲ್ಲ ಅಂದ್ರ ಅದು ಬ್ಯಾರೆ ಏನೋ. ಬ್ಯಾರೆ ಏನು ಅಂತ ಹುಡುಕೂದ ನೋಡ ಮಜಾ." ಹೀಗೆನ್ನುತ್ತ ತನ್ನ ಸೆರಗಿನೊಳಗೆ ಕೈಹಾಕಿ ಕಿವಿಯ ಹಿಂದೆ ಪರಪರ ಕೆರೆದುಕೊಳ್ಳುವಳು. "ನನ್ನದು ಮೆಹಂದಿ. ಒಣಗಿದ್ರ ಹಿಂಗ ಕಡೀತೈತಿ."

ಇಂಥ ಗುಲಾಬಬಿಗೆ ಉತ್ತರ ಸಿಗದ ತಲೆಯೊಂದು ಹೋದ ವರ್ಷ ಬಂತು. ಅದು ಚಂದ್ರಶೇಖರಪ್ಪ ಮತ್ತು ದುರ್ಗವ್ವನ ಕಿರಿಯ ಮಗಳು ಬನಶ್ರೀಯ ತಲೆ.

ಬನಶ್ರೀ ಆರನೆಯ ಇಯತ್ತೆ. ಮನೆಯಲ್ಲಿ ಬನಿ. ಸೊಂಟ ದಾಟುವ ಜಡೆ ಅವಳದು. ಆ ಜಡೆ ಹುಟ್ಟಿದಾಗಿನಿಂದ ಗುಲಾಬಬಿಯ ಕೈಯಲ್ಲೇ ಬೆಳೆದದ್ದು. ಗುಲಾಬಬಿಯ ಮೊಮ್ಮಗಳು ಖುಶನುಮಾ ಮತ್ತು ಬನಿ ಸಾಲೆಯಲ್ಲಿ ಒಂದೇ ಬೆಂಚು, ಮನೆಗೆ ಬಂದರೆ ಒಂದೇ ಮೊಬೈಲಿಗೆ ಎರಡು ತಲೆ. ದಸರೆಯ ಮುಂಚೆ ಇಬ್ಬರಿಗೂ ಹೇನಾದವು. ಅದೇನು ಅಚ್ಚರಿಯಲ್ಲ. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ, ತಲೆಗೆ ತಲೆ ತಾಗಿದಾಗ ದಾಟುತ್ತದೆ. ಇಬ್ಬರಿಗೂ ಅಂಗಡಿಯ ಔಷಧ ಹಚ್ಚಿ ತೊಳೆದರು, ಸೀರಣಿಗೆಯಿಂದ ಬಾಚಿದರು. ಖುಶನುಮಾಳ ತಲೆ ಶಾಂತವಾಯಿತು. ಬನಿಯ ತಲೆ ಆಗಲಿಲ್ಲ. ದೀಪಾವಳಿ ಕಳೆದರೂ ಹುಡುಗಿ ಕೆರೆದುಕೊಳ್ಳುತ್ತಲೇ ಇದ್ದಳು. ಪಾಠ ಓದುವಾಗ, ಉಣ್ಣುವಾಗ, ನಿದ್ದೆಯಲ್ಲಿ ಕೂಡ.

ದುರ್ಗವ್ವ ಮತ್ತೆ ಔಷಧ ಹಚ್ಚಿದಳು. ಮತ್ತೆ ಬಾಚಿದಳು. ಮತ್ತೂ ಹಚ್ಚಿದಳು. ದುರ್ಗವ್ವ ಕೆಟ್ಟವಳಲ್ಲ, ಆದರೆ ಹಿಡಿದ ಕೆಲಸ ಮುಗಿಯದಿದ್ದರೆ ಅವಳಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಕಾರಣ ಬೇಕಾಗುತ್ತದೆ. ಕಾರಣ ಪಕ್ಕದ ಮನೆಯಲ್ಲೇ ಸಿಕ್ಕಿತು.

"ಗುಲಾಬಕ್ಕ, ಸಿಟ್ಟಾಗಬ್ಯಾಡ," ಎಂದಳು ಒಂದು ಮಧ್ಯಾಹ್ನ ಕಟ್ಟೆಯ ಮುಂದೆ ನಿಂತು. "ನಾ ಎಷ್ಟ ತಗದ್ರೂ ಮತ್ತ ಬರ್ತಾವ ಅಂದ್ರ ಎಲ್ಲಿಂದರೆ ಬರಾಕಬೇಕಲ್ಲ? ನಿಮ್ಮ ಖುಶನುಮಾನ ಕೂಡ ನಮ್ಮ ಬನೀನ ಇನ್ನ ಕುಂದರಸೂದಿಲ್ಲ. ಮಾಸ್ತರಿಗೂ ಹೇಳೇನಿ, ಬೆಂಚ ಬದಲ ಮಾಡ್ರಿ ಅಂತ."

"ಖುಶನುಮಾನ ತಲಿ ನೋಡು ಬೇಕಾದ್ರ. ಒಂದರೆ ಸಿಕ್ಕೀತೇನ?"

"ನೀ ಅಜ್ಜಿ. ನಿನ್ನ ಕಣ್ಣಿಗೆ ಸಿಗೂದಿಲ್ಲ," ಎಂದ ದುರ್ಗವ್ವ, ಅಂದ ಮೇಲೆ ತುಸು ಮೆತ್ತಗಾದಳು. "ಇನ್ನೊಂದ ಮಾತು. ಅಮಾಸಿ ಹೋಗಲಿ. ಮರುದಿನ ನಾಗಲಿಂಗನ ಕಟಿಂಗ್ ಅಂಗಡಿಗೆ ಕರಕೊಂಡ ಹೋಗಿ ಬೋಳ ಮಾಡಸ್ತೇನಿ. ಕೂದಲಾನ ಇರಲಿಲ್ಲಂದ್ರ ಹೇನ ಎಲ್ಲಿರ್ತಾವ?"

ಬಾಗಿಲ ಹಿಂದೆ ನಿಂತಿದ್ದ ಬನಿ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದು ಗುಲಾಬಬಿಗೆ ಕಂಡಿತು. ಅಮಾವಾಸ್ಯೆಗೆ ಒಂದು ವಾರವೂ ಇರಲಿಲ್ಲ.

"ಬೋಳ ಮಾಡಸು, ನಿನ್ನ ಮಗಳು," ಎಂದಳು ಗುಲಾಬಬಿ. "ಆದ್ರ ಒಮ್ಮೆ ನನ್ನ ಮುಂದ ಕುಂದರಸು. ಹೇನ ಇದ್ರ ನಾನ ನಾಗಲಿಂಗನ ಅಂಗಡಿಗೆ ಕರಕೊಂಡ ಹೋಗ್ತೇನಿ."

ಮಾತು ಒಪ್ಪುವಂಥದ್ದೇ ಆಗಿತ್ತು. ಮರುದಿನ ಬನಿ ಬಂದು ಕುಳಿತಳು. ದುರ್ಗವ್ವ ಕೈಕಟ್ಟಿ ಪಕ್ಕದಲ್ಲೇ ನಿಂತಳು.

ಗುಲಾಬಬಿ ಕೂದಲಿಗೆ ನೀರು ಹಚ್ಚಿ ಎಣ್ಣೆ ಸವರಿದಳು. ಹೀಗೆ ಮಾಡಿದರೆ ಹೇನಿನ ಓಟ ನಿಧಾನವಾಗುತ್ತದೆ. ಮಡಿಲಲ್ಲಿ ಬಿಳಿ ಬಟ್ಟೆ ಹಾಸಿದಳು. ಹೇನು ಮೊಟ್ಟೆಯಿಡಲು ಹುಡುಕುವ ಜಾಗಗಳು ಅವಳಿಗೆ ಗೊತ್ತು. ಕಿವಿಯ ಹಿಂದೆ, ಕತ್ತಿನ ಮೇಲೆ, ಬೆಚ್ಚಗಿರುವಲ್ಲಿ. ಬೈತಲೆಯಿಂದ ಬೈತಲೆಗೆ ಎಳೆ ಬಿಡಿಸಿದಂತೆ ಬಿಡಿಸುತ್ತ ಬಿದಿರಿನ ಸೀರಣಿಗೆಯನ್ನು ಬುಡದಿಂದ ತುದಿಗೆ ಎಳೆದಳು. ಪ್ರತಿಸಲ ಬಟ್ಟೆಗೆ ಒರೆಸಿ ನೋಡಿದಳು. ಓಡುವಂಥದ್ದು ಒಂದೂ ಬೀಳಲಿಲ್ಲ.

"ಅಲ್ಲೆ ನೋಡ, ಬೆಳ್ಳಗ!" ಎಂದು ದುರ್ಗವ್ವ ಬಾಗಿದಳು. "ಸೀರ ಅಲ್ಲೇನ ಅವು? ತಲಿ ತುಂಬ ಅದಾವ."

ನಿಜ, ಕೂದಲಲ್ಲಿ ಬಿಳಿ ಚುಕ್ಕೆಗಳಿದ್ದವು. ಗುಲಾಬಬಿ ಒಂದನ್ನು ಎರಡು ಉಗುರಿನ ನಡುವೆ ಹಿಡಿದು ಎಳೆದಳು. ಅದು ಸಲೀಸಾಗಿ ಜಾರಿ ಉಗುರಿಗೆ ಬಂತು. ಹೇನಿನ ಮೊಟ್ಟೆಯಾದ ಸೀರು ಹಾಗೆ ಬರುವುದಿಲ್ಲ, ಅದು ಅಂಟು ಹಾಕಿ ಕೂದಲಿನ ಒಂದು ಬದಿಗೆ ಕೂತಿರುತ್ತದೆ. ಇದಕ್ಕೆ ಆಕಾರವೂ ಇಲ್ಲ, ಮುರಿದ ಹಪ್ಪಳದ ಚೂರಿನಂತೆ ಚಪ್ಪಟೆ. ತಲೆಹೊಟ್ಟೇ? ಹೊಟ್ಟಾದರೆ ಬುಡದಲ್ಲೂ ಇರಬೇಕಿತ್ತು. ಇದು ಬರೀ ಮೇಲುಗಡೆ. ಅವಳು ಚೂರನ್ನು ನೀರಿನ ಬಟ್ಟಲಿಗೆ ಹಾಕಿ ಬೆರಳಾಡಿಸಿದಳು. ಒಂದಿಷ್ಟು ಹೊತ್ತಿಗೆ ಅದು ಕರಗಿ ನೀರು ಬೆಳ್ಳಗಾಯಿತು. ಬೆರಳಿಗೆ ಹತ್ತಿದ್ದು ಜಿಗುಟು.

ಗುಲಾಬಬಿ ಗಹಗಹಿಸಿ ನಕ್ಕಳು. "ದುರ್ಗವ್ವಾ, ಇದು ಗಂಜಿ!"

"ಗಂಜಿ?"

"ಹಾಸಿನ ಎಳಿಗೆ ಹಚ್ಚೂ ಗಂಜಿ. ನಿನ್ನ ಮಗಳ ದಿನಾ ಸಾಲಿ ಬಿಟ್ಟ ಬಂದ ಎಲ್ಲಿ ಕುಂತು ಓದ್ತಾಳ? ಅಪ್ಪನ ಮಗ್ಗದ ಬುಡಕ. ಹಾಸು ಸರದಾಗೆಲ್ಲ ಒಣಗಿದ ಗಂಜಿ ಉದರ್ತೈತಿ. ನಿನ್ನ ಗಂಡನ ತಲಿ ನೋಡ ಹೋಗು, ಅವನ ತಲ್ಯಾಗೂ ಇಷ್ಟ ಸೀರ ಸಿಗ್ತಾವ."

ಒಳಗಿಂದ ಚಂದ್ರಶೇಖರಪ್ಪನ ದನಿ ಬಂತು. "ನನ್ನ ತಲಿ ಸುದ್ದಿಗೆ ಬರಬ್ಯಾಡ್ರಿ. ಮೊದಲ ಬಣ್ಣ ಅಂದ್ರಿ, ಈಗ ಗಂಜಿ ಅಂತೀರಿ."

ಬನಿ ಕೂಡ ನಕ್ಕಳು. ಆದರೆ ನಗುತ್ತಲೇ ಕೈ ಮೇಲೆ ಹೋಗಿ ನೆತ್ತಿಯ ಪಕ್ಕ ಕೆರೆಯತೊಡಗಿತು. ದುರ್ಗವ್ವ ನಗಲಿಲ್ಲ.

"ಆತವಾ, ಗಂಜಿ. ಗಂಜಿ ಕಡೀತೈತೇನ? ನನ್ನ ಗಂಡ ಹುಟ್ಟಿದಾಗಿಂದ ಗಂಜ್ಯಾಗ ಅದಾನ, ಎಂದರೆ ಕೆರಕೊಂಡಾನ? ಹೇನಲ್ಲ ಅಂತೀ. ಹಂಗಾರ ಏನು?"

ಗುಲಾಬಬಿ ಮತ್ತೆ ಬಾಗಿದಳು. ಕೂದಲು ಸರಿಸಿ ನೋಡಿದರೆ ನೆತ್ತಿ ಕೆಂಪಗಿತ್ತು, ಅಲ್ಲಲ್ಲಿ ಚಿಕ್ಕ ಚಿಕ್ಕ ಹಕ್ಕಳೆ ಕಟ್ಟಿತ್ತು. ಹೇನು ಕಡಿಯುವ ಜಾಗದಲ್ಲಿ ಅಷ್ಟಿಲ್ಲ, ಬೈತಲೆಯ ಎರಡೂ ಬದಿಗೆ ಹೆಚ್ಚು. ಇಂಥದ್ದನ್ನು ಅವಳು ನೋಡಿರಲಿಲ್ಲ.

"ಅದನ್ನ ನಾನೂ ಕೇಳಾಕತ್ತೇನಿ," ಎಂದಳು ಮೆಲ್ಲಗೆ. "ನನಗ ತಿಳೀವಲ್ದು. ಅಮಾಸಿ ದಿನ ಮಗ್ಗ ಬಂದ್ ಇರ್ತಾವಲ್ಲ? ಹುನಗುಂದಕ್ಕ ಹೋಗೂಣು. ನಮ್ಮ ತವರ ಓಣಿ ಹುಡುಗಿ ತಬಸುಮ ಚರ್ಮದ ಡಾಕ್ಟರ ಆಗ್ಯಾಳ. ಆಕಿನೂ ಹೇನ ಅಂದ್ರ ಮರುದಿನ ನಾಗಲಿಂಗ ಇದ್ದ ಅದಾನಲ್ಲ."

ದುರ್ಗವ್ವ ಮಗಳ ಮುಖ ನೋಡಿದಳು. "ಅಮಾಸಿ ಮಟಾ ಅಷ್ಟ," ಎಂದಳು.

ಆ ನಾಲ್ಕೈದು ದಿನ ಗುಲಾಬಬಿಗೆ ರಾಟೆಯ ಮೇಲೆ ಮನಸ್ಸಿಲ್ಲ. ಎಣ್ಣೆಯ ಕಾರಣವೇ? ಸೋಪೇ? ತಲೆದಿಂಬೇ? ಬನಿ ಮಲಗುವ ದಿಂಬು ತಂದು ಮೂಸಿ ನೋಡಿದಳು. ಯಾರೋ ಸೀಮೆಎಣ್ಣೆ ಹಚ್ಚಿದರೆ ಹೋಗುತ್ತದೆ ಎಂದದ್ದಕ್ಕೆ ರೇಗಿದಳು, "ಒಲಿ ಮುಂದ ಕುಂದ್ರೂ ಹುಡುಗಿ ತಲಿಗೆ ಸೀಮಿಎಣ್ಣಿ ಹಚ್ಚೂ ಶಾಣ್ಯಾರ ಯಾರ ನೀವು?" ನಜೀರಸಾಬ ಕೂತಲ್ಲಿಂದಲೇ ಕಿಚಾಯಿಸಿದ.

"ಏನ ಹುಡುಕಾಕತ್ತೀಯೇ? ಕಳುವಾದ ಎಮ್ಮಿ ಹುಡುಕಿದಂಗ ಹುಡುಕ್ತೀಯಲ್ಲ."

"ಎಮ್ಮಿ ಆಗಿದ್ರ ಕಾಲಿನ ಗುರ್ತರೆ ಇರ್ತಿತ್ತು," ಎಂದು ಆಕೆ ಕಿವಿಯ ಹಿಂದೆ ಕೆರೆದುಕೊಂಡಳು.

ಅಮಾವಾಸ್ಯೆಯ ಬೆಳಿಗ್ಗೆ ಮೂವರೂ ಹುನಗುಂದದ ಬಸ್ಸು ಹತ್ತಿದರು. ಬನಿ ಕಿಟಕಿಯ ಪಕ್ಕ ಕೂತು ಜಡೆಯನ್ನು ಮುಂದೆ ಹಾಕಿಕೊಂಡು ದಾರಿಯುದ್ದಕ್ಕೂ ತುದಿಯನ್ನು ಸುರುಳಿ ಸುತ್ತುತ್ತಿದ್ದಳು. "ಅಜ್ಜಿ, ಡಾಕ್ಟರ ಹೇನ ಅಂದ್ರ?" ಎಂದು ಒಮ್ಮೆ ಕೇಳಿದಳು. "ಅಂದ್ರ ನನಗ ಹೊಸಾದ ಕಲಿಸಿದಂಗ ಆತು," ಎಂದ ಗುಲಾಬಬಿ, ಮಗುವಿಗೆ ಬೇಕಾದ ಉತ್ತರ ಅದಲ್ಲವೆಂದು ಅನ್ನಿಸಿ, ಅವಳ ತೊಡೆ ತಟ್ಟಿದಳು.

ತಬಸುಮಳ ಸಣ್ಣ ದವಾಖಾನೆ ಎರಡನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ ಗುಲಾಬಬಿಯನ್ನು ಕಂಡು ಡಾಕ್ಟರ್ ಕುರ್ಚಿ ಬಿಟ್ಟು ಎದ್ದಳು.

"ಖಾಲಾ! ಇವತ್ತ ನನ್ನ ತಲಿ ನೋಡಾಕ ಬಂದೀರೇನ ಮತ್ತ?"

"ಸಣ್ಣಾಕಿ ಇದ್ದಾಗ ಭಾಳ ಕುಣೀತಿತ್ತು ನಿನ್ನ ತಲಿ. ಈಗ ನೀ ಈ ತಲಿ ನೋಡವಾ, ನನ್ನ ಕೈಯಾಗ ಆಗವಲ್ದು."

ತಬಸುಮ ಅವಸರ ಮಾಡಲಿಲ್ಲ. ದೀಪವಿರುವ ಭೂತಗನ್ನಡಿ ಹಿಡಿದು ಬನಿಯ ನೆತ್ತಿಯನ್ನು ಇಂಚಿಂಚಾಗಿ ನೋಡಿದಳು. ಕಿವಿಯ ಹಿಂದೆ, ಕತ್ತಿನಲ್ಲಿ, ಹುಬ್ಬಿನಲ್ಲಿ, ಮೊಣಕೈಯಲ್ಲೂ ನೋಡಿದಳು. "ಕೂದಲಾ ಮುರೀತಾವೇನ? ಉದರ್ತಾವೇನ? ಮನ್ಯಾಗ ಬ್ಯಾರೆ ಯಾರಿಗರೆ ಕಡೀತೈತೇನ?" ಎಂದು ಕೇಳುತ್ತ ಹೋದಳು. ಎಲ್ಲದಕ್ಕೂ ಇಲ್ಲ, ಇಲ್ಲ ಎಂದೇ ಉತ್ತರ. ಕೊನೆಗೆ ಒಂದು ಕೂದಲೆಳೆಯನ್ನು ಎತ್ತಿ ಹಿಡಿದಳು.

"ಇಲ್ಲೆ ನೋಡ್ರಿ ಖಾಲಾ. ಇದು ಖರೇನ ಸೀರು."

ದುರ್ಗವ್ವ "ನಾ ಹೇಳಿದ್ದೆನಿಲ್ಲ?" ಎಂಬಂತೆ ಕತ್ತು ನೀಡಿದಳು. ಬನಿ ಕಣ್ಣು ಮುಚ್ಚಿದಳು.

"ಆದ್ರ ಎಲ್ಲೈತಿ ನೋಡ್ರಿ," ಎಂದಳು ತಬಸುಮ. "ನೆತ್ತಿಯಿಂದ ಎಷ್ಟ ದೂರ! ಹೇನ ಮೊಟ್ಟಿ ಇಡೂದು ಬುಡಕ್ಕ ಹತ್ತಿ. ಕೂದಲಾ ಬೆಳದಂಗ ಇದು ಮ್ಯಾಲ ಬಂದೈತಿ. ಅಂದ್ರ ಹಳೇದು. ಒಳಗ ಏನೂ ಇಲ್ಲ, ಖಾಲಿ ಸಿಪ್ಪಿ. ದಸರಾದಾಗಿನ ಗುರ್ತಷ್ಟ. ಬುಡದಾಗ ಒಂದೂ ಇಲ್ಲ, ಓಡೂದು ಒಂದೂ ಇಲ್ಲ. ಈ ತಲ್ಯಾಗ ಈಗ ಹೇನ ಇಲ್ಲ."

ಗುಲಾಬಬಿ ಭೂತಗನ್ನಡಿಯನ್ನು ಡಾಕ್ಟರ ಕೈಯಿಂದ ಕಸಿದುಕೊಂಡಂತೆಯೇ ತೆಗೆದುಕೊಂಡಳು. "ಬುಡದಿಂದ ದೂರ ಅಂದ್ರ ಹಳೇದು! ಇಷ್ಟ ವರ್ಷ ನಾ ಎಲ್ಲಾನೂ ಒಂದ ಲೆಕ್ಕದಾಗ ಹಿಡಕೋತ ಬಂದೆನಲ್ಲವಾ!"

"ಹೇನ ಇಲ್ಲಂದ್ರ ಕಡಿಯೂದ್ಯಾಕ?" ಎಂದಳು ದುರ್ಗವ್ವ. ಅವಳ ದನಿಯಲ್ಲಿ ಈಗ ಸಿಟ್ಟಿರಲಿಲ್ಲ.

"ಔಷಧ ಎಷ್ಟ ಸಲ ಹಚ್ಚೀರಿ?"

ದುರ್ಗವ್ವ ಗೋಡೆಯ ಕಡೆ ನೋಡಿದಳು. "ವಾರಕ್ಕೊಮ್ಮೆ... ಒಮ್ಮೊಮ್ಮೆ ಎರಡ ಸಲ."

"ಇಷ್ಟ ದಿನಾನೂ? ಡಬ್ಬಿ ಮ್ಯಾಲ ಬರದಿದ್ದು ಓದಲಿಲ್ಲೇನ?"

"ಹೇನ ಸಾಯಬೇಕಲ್ರಿ."

"ಹೇನ ಮೊದಲ ಸತ್ತಾವ. ಆಮ್ಯಾಲ ನೀವ ಬರೇ ಚರ್ಮದ ಕೂಡ ಜಗಳಾಡೀರಿ. ಹೇನ ಸತ್ತ ಮ್ಯಾಲೂ ಕೆಲವ ದಿನ ಕಡೀತೈತಿ, ಅದಕ್ಕ ಮತ್ತ ಹಚ್ಚೀರಿ, ಹಚ್ಚಿದ್ದಕ್ಕ ಮತ್ತ ಕಡದೈತಿ." ತಬಸುಮ ಮತ್ತೆ ಬಾಗಿದಳು, ಹುಬ್ಬು ಗಂಟಿಕ್ಕಿದಳು. "ಆದ್ರ ಇಷ್ಟಕ್ಕ ಹಿಂಗ ಆಗೂದಿಲ್ಲ. ಖಾಲಾ, ಇಲ್ಲೆ ಬರ್ರಿ. ಈ ಗೀರ ನೋಡ್ರಿ. ಉಗುರಿಲೆ ಕೆರಕೊಂಡ್ರ ಅಡ್ಡಾದಿಡ್ಡಿ ಇರ್ತಾವ. ಇವು ಹಂಗಿಲ್ಲ."

ಗುಲಾಬಬಿ ಗಾಜಿನೊಳಗೆ ಕಣ್ಣಿಟ್ಟಳು. ಕೆಂಪು ನೆತ್ತಿಯ ಮೇಲೆ ಕೂದಲೆಳೆಗಿಂತ ಸಣ್ಣ ಗೀರುಗಳು ಸಾಲಾಗಿ ಇಳಿದಿದ್ದವು. ಒಂದರ ಪಕ್ಕ ಒಂದು, ಒಂದೇ ಅಂತರ, ಮಗ್ಗದ ಮೇಲೆ ಹಾಸು ಬಿಗಿದಂತೆ. ಆ ಅಂತರ ಅವಳಿಗೆ ಗೊತ್ತಿತ್ತು. ಗಂಡನ ಮಡಿಲಲ್ಲಿ ಅದನ್ನು ದಿನಾ ನೋಡಿದ್ದಳು.

"ಯಾವ ಬಾಚಣಿಕಿ ಹಾಕ್ತೀರಿ?" ತಬಸುಮ ದುರ್ಗವ್ವನನ್ನು ಕೇಳುತ್ತಿದ್ದಳು.

ದುರ್ಗವ್ವ ಚೀಲಕ್ಕೆ ಕೈಹಾಕಿ ಉಕ್ಕಿನ ಸೀರಣಿಗೆಯನ್ನು ತೆಗೆದಳು. "ಅಂಗಡಿದ್ದಲ್ರಿ. ಗುಲಾಬಕ್ಕನ ಮನಿದು, ನಜೀರಣ್ಣ ಹಣಿಗಿ ಕೊಯ್ದು ಮಾಡಿದ್ದು. ದಿನಾ ಸಂಜಿಕೆ ಬುಡಮಟ ಒತ್ತಿ ಬಾಚ್ತೇನಿ. ಭಾಳ ಚಲೋ ಐತ್ರಿ."

ತಬಸುಮ ಅದನ್ನು ತೆಗೆದುಕೊಂಡು ತನ್ನ ಮುಂಗೈಯ ಒಳಬದಿಗೆ ಇಟ್ಟು ಮೆಲ್ಲಗೆ ಎಳೆದಳು. ಎಲ್ಲರೂ ನೋಡುತ್ತಿದ್ದಂತೆ ಬಿಳಿಯ ಗೆರೆಗಳು ಮೂಡಿ, ಬಿಳಿಯ ಗೆರೆಗಳು ಕೆಂಪಾದವು. ಸಾಲಾಗಿ, ಒಂದೇ ಅಂತರದಲ್ಲಿ.

ಗುಲಾಬಬಿ ಸೊಂಟದ ಸಂಚಿಯಿಂದ ತನ್ನ ಬಿದಿರಿನ ಸೀರಣಿಗೆ ತೆಗೆದು ತನ್ನ ಮುಂಗೈಗೇ ಎಳೆದುಕೊಂಡಳು. ಏನೂ ಆಗಲಿಲ್ಲ. ಮತ್ತೆ ಒತ್ತಿ ಎಳೆದಳು. ಎಣ್ಣೆಯ ಮಿಂಚು ಉಳಿಯಿತಷ್ಟೆ. ಉಕ್ಕಿನದನ್ನು ತೆಗೆದುಕೊಂಡು ತುದಿಗೆ ಬೆರಳಾಡಿಸಿದಳು. ಮಗ್ಗದಲ್ಲಿ ಆ ತುದಿ ಪಟ್ಟಿಯೊಳಗೆ ಮುಚ್ಚಿಕೊಂಡಿರುತ್ತದೆ, ಎಳೆ ತಾಗುವುದು ನಯವಾದ ನಡುಭಾಗಕ್ಕೆ. ಪಟ್ಟಿ ಬಿಡಿಸಿದರೆ ಹೊರಗೆ ಬರುವುದು ಕತ್ತರಿಸಿದ ಅಂಚು. ಬಿದಿರಿಗಾದರೆ ಆ ಅಂಚು ಸವೆದು ಗುಂಡಗಾಗುತ್ತದೆ. ಉಕ್ಕು ಸವೆಯುವುದಿಲ್ಲ.

"ನಾ ಇದನ್ನ ಎಂದೂ ಹಾಕಿ ನೋಡಿಲ್ಲವಾ," ಎಂದಳು ಗುಲಾಬಬಿ. "ನನಗ ಅತ್ತಿದು ಇತ್ತಲ್ಲ. ಊರ ಮಂದಿಗೆಲ್ಲ ಇದನ್ನ ಕೊಟ್ಟೆ, ನಾ ಮಾತ್ರ ಬಿದರಿಂದು ಹಿಡಕೊಂಡ ಕುಂತೆ."

ದುರ್ಗವ್ವ ಬನಿಯ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು. "ಒತ್ತಿದಾಕಿ ನಾನು," ಎಂದಳು. "ಯವ್ವಾ, ಉರೀತೈತಿ ಅಂತ ಅಂದ್ಳು. ಹೇನ ಕಡೀತಾವ, ಸುಮ್ನ ಕುಂದ್ರು ಅಂದೆ."

ತಬಸುಮ ಬರೆದುಕೊಟ್ಟದ್ದು ಒಂದು ಮೆತ್ತನೆಯ ಮುಲಾಮು. ಔಷಧ ಬಂದ್, ಸೀರಣಿಗೆ ಬಂದ್, ಸಾದಾ ನೀರು, ಅಗಲ ಹಲ್ಲಿನ ಬಾಚಣಿಗೆ. ಮುಂದೆ ಅನುಮಾನ ಬಂದರೆ ಒದ್ದೆ ಕೂದಲಿಗೆ ಎಣ್ಣೆ ಸವರಿ, ನಯವಾದ ಹಲ್ಲಿನಿಂದ ಬಾಚಿ, ಬಿಳಿ ಬಟ್ಟೆಯ ಮೇಲೆ ನೋಡಬೇಕು, ಓಡುವಂಥದ್ದು ಕಂಡರೆ ಮಾತ್ರ ಔಷಧ.

"ಕೂದಲಾ?" ಎಂದಳು ಬನಿ. ದವಾಖಾನೆಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು.

"ಕೂದಲಾ ಏನ ಮಾಡೇತಿ ಪಾಪ?" ಎಂದಳು ತಬಸುಮ.

ಹೊರಡುವಾಗ ಡಾಕ್ಟರ್ ಗುಲಾಬಬಿಯನ್ನೇ ನೋಡುತ್ತಿದ್ದಳು. "ಖಾಲಾ, ನೀವ್ಯಾಕ ಆಗಿಂದ ಕಿವಿ ಹಿಂದ ಕೆರಕೊಳ್ಳಾಕತ್ತೀರಿ?"

"ಮೆಹಂದಿ ಯವ್ವಾ. ಒಣಗಿದ್ರ ಹಂಗ."

"ಯಾರರೆ ನೋಡ್ಯಾರೇನ?"

"ನನ್ನ ತಲಿ ಯಾರ ನೋಡ್ತಾರ?" ಎಂದು ನಗುತ್ತ ಆಕೆ ಮೆಟ್ಟಿಲಿಳಿದಳು. ಕೆಳಗೆ ಇಳಕಲ್ಲಿನ ಬಸ್ಸು ನಿಂತಿತ್ತು.

ಮನೆಗೆ ಬಂದು ಹೇಳಿದಾಗ ನಜೀರಸಾಬ ಮೊದಲು ಒಪ್ಪಲಿಲ್ಲ. "ನನ್ನ ಹಣಿಗಿಗೆ ಹೆಸರ ಇಡಾಕ ಹುನಗುಂದಕ್ಕ ಹೋಗಿದ್ರೇನ? ಹುನಗುಂದದಾಗ ಮಗ್ಗ ಅದಾವೇನ?" ಎಂದ. ಗುಲಾಬಬಿ ವಾದ ಮಾಡಲಿಲ್ಲ. ಅವನ ಟೋಪಿ ತೆಗೆದು, ಬೋಳುತಲೆಯ ಮೇಲೆ ಉಕ್ಕಿನ ಸೀರಣಿಗೆಯನ್ನು ಒಮ್ಮೆ ಎಳೆದಳು, ದುರ್ಗವ್ವ ಎಳೆಯುವಂತೆ. "ಯಾ ಅಲ್ಲಾ!" ಎಂದು ಅವನು ಕೂತಲ್ಲೇ ಹಾರಿದ. ಆಮೇಲೆ ಕನ್ನಡಿ ತರಿಸಿಕೊಂಡು ಬಹಳ ಹೊತ್ತು ನೋಡಿದ.

"ರೇಘಾ ಮಾತ್ರ ಒಂದ ಸಮ ಬಿದ್ದಾವ ನೋಡು," ಎಂದ, ತಲೆ ಸವರಿಕೊಳ್ಳುತ್ತ. ಅವನ ಕೆಲಸದ ಹೆಮ್ಮೆ ಅಷ್ಟರಲ್ಲೇ ಉಳಿಯಿತು.

ಮರುದಿನ ಬನಿ ನಾಗಲಿಂಗನ ಅಂಗಡಿಯ ಬದಲು ಸಾಲೆಗೆ ಹೋದಳು. ಗುಲಾಬಬಿ ಚೀಲ ಹಿಡಿದು ಮನೆಮನೆಗೆ ಹೋದಳು, ಕೊಟ್ಟ ಸೀರಣಿಗೆಗಳನ್ನು ತಿರುಗಿ ಕೇಳುವುದಕ್ಕೆ. ಅದೇನು ಸುಲಭದ ಕೆಲಸವಲ್ಲ. "ನನ್ನ ಮದವ್ಯಾಗ ಕೊಟ್ಟಿದ್ದು, ಈಗ ತಿರಗಿ ಕೇಳ್ತೀಯೇನ?" ಎಂದವರಿದ್ದರು. ಸೀರಣಿಗೆ ಕೊಡುವ ಬದಲು ಚಹಾ ಕೊಟ್ಟು ಕಳಿಸಿದವರಿದ್ದರು. ಗುಲಾಬಬಿ ಪ್ರತಿ ಮನೆಯಲ್ಲೂ ಮುಂಗೈ ಚಾಚಿ ಎಳೆದು ತೋರಿಸಿದಳು. ಸಂಜೆಗೆ ಅವಳ ಮುಂಗೈ ಹಾಸು ಹೂಡಿದ ಮಗ್ಗದಂತಾಗಿತ್ತು. ಚೀಲ ತುಂಬಿತ್ತು. ಕೆಲವರು, ಎಷ್ಟೋ ದಿನದಿಂದ ಕೆರೆಯುತ್ತಿದ್ದವರು, ಸೀರಣಿಗೆಯನ್ನೂ ನೋಡಿ ತಮ್ಮ ತಲೆಯನ್ನೂ ಮುಟ್ಟಿಕೊಂಡು ಸುಮ್ಮನೆ ಕೊಟ್ಟರು. ನಜೀರಸಾಬ ಅವುಗಳ ಅಂಚನ್ನು ಕಲ್ಲಿಗೆ ತಿಕ್ಕಿ ಗುಂಡಗೆ ಮಾಡುತ್ತ ಕೂತ. ಮೊದಲು ತನ್ನ ತಲೆಯ ಮೇಲೆ ಎಳೆದುಕೊಂಡು, ಗೀರು ಬೀಳದಿದ್ದರೆ ಮಾತ್ರ ಪಕ್ಕಕ್ಕಿಡುತ್ತಿದ್ದ.

ಬನಿಯ ನೆತ್ತಿ ಮೆಲ್ಲಗೆ ತಿಳಿಯಾಯಿತು. ಮೊದಲು ನಿದ್ದೆಯಲ್ಲಿ ಕೆರೆಯುವುದು ನಿಂತಿತು, ಆಮೇಲೆ ಓದುವಾಗ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಅವಳಿಗೆ ಕೆರೆತದ ನೆನಪೇ ಇರಲಿಲ್ಲ. ದುರ್ಗವ್ವ ತಾನೇ ಸಾಲೆಗೆ ಹೋಗಿ ಇಬ್ಬರು ಹುಡುಗಿಯರನ್ನೂ ಮತ್ತೆ ಒಂದೇ ಬೆಂಚಿಗೆ ಕೂರಿಸಿ ಬಂದಳು. ಆ ದಿನ ಮಧ್ಯಾಹ್ನ ಮಗ್ಗ ಬಂದ್ ಇದ್ದಾಗ ಅವಳು ಗುಲಾಬಬಿಯ ಕಟ್ಟೆಗೆ ಬಂದಳು. ಹಿಂದೆ ಬನಿ, ಖುಶನುಮಾ. ಕೈಯಲ್ಲಿ ಬಿಳಿ ಬಟ್ಟೆ.

"ಯಾರ್ದ ತಲಿ?" ಎಂದಳು ಗುಲಾಬಬಿ, ಸಂಚಿಗೆ ಕೈಹಾಕುತ್ತ.

"ನಿಂದು. ಕೊಡ ಇಲ್ಲೆ ಅದನ್ನ. ಕುಂದ್ರು."

"ನಂದು ಮೆಹಂದಿ ಯವ್ವಾ..."

"ಮೆಹಂದಿ ಓಡೂದಿಲ್ಲ. ನೋಡೂಣು, ಕುಂದ್ರು," ಎಂದು ದುರ್ಗವ್ವ ಆಕೆಯನ್ನು ಹೆಗಲು ಹಿಡಿದು ಕೂರಿಸಿ, ಸೆರಗು ಸರಿಸಿ, ಬಿದಿರಿನ ಸೀರಣಿಗೆಯನ್ನು ಕಿವಿಯ ಹಿಂದಿನಿಂದ ಎಳೆದು ಬಟ್ಟೆಗೆ ಒರೆಸಿದಳು.

ಬನಿಯೇ ಮೊದಲು ಕೂಗಿದ್ದು. "ಅಜ್ಜಿ! ಓಡಾಕತ್ತೈತಿ!"

ಓಣಿಯ ತಲೆಗಳನ್ನೆಲ್ಲ ನೋಡಿದವಳ ತಲೆಯನ್ನು ಅತ್ತೆ ತೀರಿಕೊಂಡ ಮೇಲೆ ಯಾರೂ ನೋಡಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ಹೇನು ದಿಕ್ಕು ತಪ್ಪಿ ಓಡುತ್ತಿತ್ತು. ಹಿಂದೆ ಇನ್ನೊಂದು ಬಿತ್ತು.

ದುರ್ಗವ್ವ ಸೀರಣಿಗೆ ಹಿಡಿದ ಕೈಯನ್ನು ಮೇಲೆತ್ತಿ ನಿಂತಳು. "ಗುಲಾಬಕ್ಕ... ದಿನಾ ಹುಡುಗ್ಯಾರನ್ನ ತೊಡಿ ಮ್ಯಾಲ ಮಲಗಿಸಿಕೊಂಡ ಮಾರಿಗೆ ಮಾರಿ ಹಚ್ಚಿ ಕಥಿ ಹೇಳಾಕಿ ಯಾರವಾ? ಹಂಗಾರ ದಸರಾದಾಗ ಮೊದಲ..."

ಗುಲಾಬಬಿಗೂ ಅದೇ ಹೊಳೆದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕದ್ದು ಯಾರೆಂದು ಹೇಳುವುದು ಕಷ್ಟ. ಒಳಗೆ ನಜೀರಸಾಬ "ಏನಾತು?" ಎಂದು ಕೇಳಿದ್ದಕ್ಕೆ ಯಾರೂ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ನಗು ತಗ್ಗಿದ ಮೇಲೆ ದುರ್ಗವ್ವ ಹೇನನ್ನು ಕುಕ್ಕಲು ಹೆಬ್ಬೆರಳು ಚಾಚಿದಳು.

"ತಡಿ ತಡಿ," ಎಂದು ಗುಲಾಬಬಿ ಆ ಕೈ ಹಿಡಿದಳು. ಸೊಂಟ ದಾಟಿದ ತನ್ನ ಜಡೆಯನ್ನು ಹಿಂದಕ್ಕೆಸೆದುಕೊಂಡು ಬನಿ ಬಾಗಿ ನೋಡುತ್ತಿದ್ದಳು, ಈ ಸಲ ತಲೆಗೆ ತಲೆ ತಾಗದಷ್ಟು ದೂರದಿಂದ. "ಮೊದಲ ನನ್ನ ಉಗುರ ಮ್ಯಾಲ ಏರಸು. ಬಿಸಲಿಗೆ ಹಿಡಿ. ನನ್ನ ತಲ್ಯಾಗಿಂದು ಎಷ್ಟ ಉಂಡೈತಿ, ನಾನೂ ನೋಡ್ತೇನಿ."